ಒಂದೇ ಅಕ್ಷರ ಬದಲಾದರೆ ವೈರಸ್ ಅಪಾಯಕಾರಿಯಾಗುವುದು ಹೇಗೆ?

ಓದುಗರ ಪ್ರಶ್ನೆ: ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಸುದ್ದಿಯ ಬೆನ್ನಿಗೇ ‘ವೈರಸ್ ರೂಪಾಂತರಗೊಂಡಿದೆ’ ಎಂಬ ಮಾತೂ ಕೇಳಿಬರುತ್ತದೆ. ಇದರಿಂದ ರೋಗ ನಿಜಕ್ಕೂ ಹೆಚ್ಚು ಅಪಾಯಕಾರಿಯಾಗುತ್ತದೆಯೇ?

ಉತ್ತರ: ಆಗಬಹುದು. ಆದರೆ ಜ್ವರ ಇನ್ನಷ್ಟು ಏರುತ್ತದೆ, ಕೀಲುನೋವು ಇನ್ನಷ್ಟು ಕಾಡುತ್ತದೆ ಎಂದು ನಾವು ಭಯಪಡುತ್ತೇವಲ್ಲ, ಅಪಾಯ ಹೆಚ್ಚಾಗಿ ಅಲ್ಲಿರುವುದಿಲ್ಲ. ಚೆನ್ನಾಗಿ ಅಧ್ಯಯನವಾಗಿರುವ ಚಿಕೂನ್‌ಗುನ್ಯಾ ಪ್ರಕರಣದಲ್ಲಿ ಬದಲಾದದ್ದು ವೈರಸ್ಸಿಗೂ ಸೊಳ್ಳೆಗೂ ಇರುವ ನಂಟು.

ಈ ವೈರಸ್ಸಿನ ಆನುವಂಶಿಕ ಬರಹ ಸುಮಾರು 11,800 ಅಕ್ಷರಗಳ ಆರ್‌ಎನ್‌ಎ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯಿಲ್ಲದ್ದರಿಂದ ಪ್ರತಿ ಸೋಂಕಿನಲ್ಲೂ ಲೆಕ್ಕವಿಲ್ಲದಷ್ಟು ತಪ್ಪು ಪ್ರತಿಗಳು ಹುಟ್ಟುತ್ತವೆ. ಬಹುಪಾಲು ಅಲ್ಲಲ್ಲೇ ಅಳಿಯುತ್ತವೆ. ಮನುಷ್ಯನಲ್ಲೂ ಸೊಳ್ಳೆಯಲ್ಲೂ ಬದುಕಬೇಕಾದ ವೈರಸ್ಸಿಗೆ ಒಂದು ಕಡೆ ಲಾಭವಾದದ್ದು ಇನ್ನೊಂದು ಕಡೆ ಮುಳುವಾಗಬಹುದು.

ಮನೆಯ ಸಂಪು, ಡ್ರಮ್ಮುಗಳಲ್ಲಿ ಬೆಳೆಯುವ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆ ಇದರ ಹಳೆಯ ವಾಹಕ. ಗಿಡಮರ ಹೆಚ್ಚಿರುವ ಕಡೆ, ಮರದ ಪೊಟರೆಯಲ್ಲೋ ಎಸೆದ ಎಳನೀರು ಬುರುಡೆಯಲ್ಲೋ ಬೆಳೆಯುವುದು ಈಡಿಸ್ ಆಲ್ಬೊಪಿಕ್ಟಸ್. ಕೈಮೇಲೆ ಕುಳಿತಾಗ ನೋಡಿ: ಕಾಲಿನ ಬಿಳಿ ಪಟ್ಟೆ ಎರಡಕ್ಕೂ ಇದೆ, ಬೆನ್ನ ನಡುವೆ ಒಂದೇ ಬೆಳ್ಳಿಗೆರೆ ಎಳೆದಂತಿದ್ದರೆ ಅದು ಆಲ್ಬೊಪಿಕ್ಟಸ್.

ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಈಜಿಪ್ಟಿ ವಿರಳ, ಆಲ್ಬೊಪಿಕ್ಟಸ್ ಹೇರಳ. ಆದರೂ 2005–06ರಲ್ಲಿ ಅಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಚಿಕೂನ್‌ಗುನ್ಯಾಕ್ಕೆ ತುತ್ತಾದರು. ವೈರಸ್ಸಿನ ಹೊರಕವಚದ ಇ1 ಎಂಬ ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ (ಪ್ರೋಟೀನನ್ನು ಕಟ್ಟುವ ಇಟ್ಟಿಗೆ) ಹೋಗಿ ವ್ಯಾಲಿನ್ ಎಂಬ ಇನ್ನೊಂದು ಬಂದಿತ್ತು. ಆರ್‌ಎನ್‌ಎಯಲ್ಲಿ ನೋಡಿದರೆ ಒಂದು ‘ಸಿ’ ಇದ್ದಲ್ಲಿ ‘ಯು’ ಕೂತಿತ್ತು, ಅಷ್ಟೇ. ಇ1 ಇರುವುದು ಜೀವಕೋಶದ ಪೊರೆಯೊಂದಿಗೆ ಬೆಸೆದು ವೈರಸ್ಸನ್ನು ಒಳಗೆ ಬಿಡುವುದಕ್ಕೆ. ರೋಗಿಯಿಂದ ಹೀರಿದ ರಕ್ತದಲ್ಲಿರುವ ವೈರಸ್ ಮೊದಲು ಸೊಳ್ಳೆಯ ಕರುಳಿನ ಗೋಡೆ ದಾಟಿ, ಆಮೇಲೆ ಜೊಲ್ಲುಗ್ರಂಥಿಯನ್ನು ಸೇರಿದರಷ್ಟೇ ಆ ಸೊಳ್ಳೆ ಇನ್ನೊಬ್ಬರಿಗೆ ರೋಗ ಹರಡಬಲ್ಲದು. ಬದಲಾದ ವೈರಸ್ಸಿಗೆ ಆಲ್ಬೊಪಿಕ್ಟಸ್‌ನ ಆ ಗೋಡೆ ದಾಟಲು ಹಿಂದಿಗಿಂತ ಬಹಳ ಕಡಿಮೆ ಪ್ರಮಾಣ ಸಾಕಾಯಿತು. ಅದುವರೆಗೆ ಗೌಣವಾಗಿದ್ದ ಸೊಳ್ಳೆಯೇ ಮುಖ್ಯ ವಾಹಕವಾಯಿತು.

ಇದೇ ಬದಲಾವಣೆ ಈಜಿಪ್ಟಿಯಲ್ಲಿ ವೈರಸ್ಸಿಗೆ ಯಾವ ಲಾಭವನ್ನೂ ತರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 2006ರಲ್ಲಿ ಕರ್ನಾಟಕದ ಊರೂರನ್ನೇ ಹಾಸಿಗೆ ಹಿಡಿಸಿದ ಚಿಕೂನ್‌ಗುನ್ಯಾ ಹರಡಿದ್ದು ಈ ಬದಲಾವಣೆಯಿಲ್ಲದ ವೈರಸ್ಸಿನಿಂದ, ಮುಖ್ಯವಾಗಿ ಈಜಿಪ್ಟಿಯ ಮೂಲಕ. ಮರುವರ್ಷ ಕೇರಳದಲ್ಲಿ, ರಬ್ಬರ್ ಹಾಲಿನ ಬಟ್ಟಲುಗಳಲ್ಲಿ ಆಲ್ಬೊಪಿಕ್ಟಸ್ ತುಂಬಿಕೊಂಡಿದ್ದ ಕಡೆ, 226ರ ರೂಪಾಂತರಿ ಪತ್ತೆಯಾಯಿತು. ಮುಂದೆ ಭಾರತದ ವೈರಸ್ಸುಗಳಲ್ಲಿ ಇ1ರ 211 ಮತ್ತು ಹೊರಕವಚದ ಇನ್ನೊಂದು ಪ್ರೋಟೀನಾದ ಇ2ರ 264ನೇ ಸ್ಥಾನಗಳ ಜೋಡಿ ಬದಲಾವಣೆ ಕಾಣಿಸಿಕೊಂಡಿತು. ಇದು ಒಗ್ಗುವುದು ಈಜಿಪ್ಟಿಗೆ. ಸಂಪಿಲ್ಲದ ಮನೆಯೇ ಅಪರೂಪವಾಗಿರುವ ಬೆಂಗಳೂರಿನಲ್ಲಿ ನಿಗಾ ಇಡಬೇಕಾದದ್ದು, ನನ್ನ ಅಭಿಪ್ರಾಯದಲ್ಲಿ, ಇದರ ಮೇಲೆಯೇ.

ಡೆಂಗಿಯ ತೀವ್ರತೆಗೆ ರೂಪಾಂತರವನ್ನೇ ದೂರುವುದು ಸರಿಯಲ್ಲ. ಅದರ ನಾಲ್ಕು ಬಗೆಗಳಲ್ಲಿ ಒಂದು ಬಂದುಹೋದವರಿಗೆ ಮತ್ತೊಂದು ತಗುಲಿದಾಗ, ಹಳೆಯ ಪ್ರತಿಕಾಯಗಳೇ ವೈರಸ್ಸಿಗೆ ನೆರವಾಗಿ ಕಾಯಿಲೆ ಉಲ್ಬಣಿಸುವುದುಂಟು.

ಆಸ್ಪತ್ರೆಯ ಸಾಮಾನ್ಯ ರಕ್ತಪರೀಕ್ಷೆ ಹೇಳುವುದು ಸೋಂಕು ಇದೆಯೇ ಇಲ್ಲವೇ ಎಂಬುದನ್ನಷ್ಟೇ. ರೂಪಾಂತರ ತಿಳಿಯಲು ಪ್ರಯೋಗಾಲಯದಲ್ಲಿ ವೈರಸ್ಸಿನ ಅಕ್ಷರಗಳನ್ನೇ ಓದಬೇಕಾಗುತ್ತದೆ, ಹಾಗೆ ಓದಿ ತಿಳಿದರೂ ರೋಗಿಯ ಹಾಸಿಗೆಯ ಬಳಿ ನಡೆಯುವ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ.