ಉಪ್ಪಿಗೆ ಬೇರಿನಲ್ಲೇ ತಡೆ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಗೆ ತಾಗಿಕೊಂಡ ಗಜನಿ ಗದ್ದೆಗಳು ಬೇಸಿಗೆಯಿಡೀ ಉಪ್ಪುನೀರು ಕುಡಿಯುತ್ತವೆ. ಮುಂಗಾರು ಮಳೆ ತೊಳೆಯುವಷ್ಟು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತದ ಬಿತ್ತನೆ. ಉಳಿದ ಉಪ್ಪನ್ನು ತಾಳಿಕೊಳ್ಳುವುದು ಸಸಿಯದೇ ಪಾಡು. ನಾಲ್ಕು ದಿನ ಮಳೆ ಕೈಕೊಟ್ಟರೆ ಮಾಮೂಲಿ ತಳಿ ಸುಟ್ಟಂತಾಗುವ ಮಣ್ಣಿನಲ್ಲಿ ಕಗ್ಗ ನಿಲ್ಲುತ್ತದೆ.

ಉಪ್ಪು ಗಿಡವನ್ನು ಎರಡು ಕಡೆಯಿಂದ ಹಿಂಡುತ್ತದೆ. ಎದುರಿಗೇ ನೀರಿದ್ದರೂ ಬೇರಿಗೆ ಹೀರಲು ಬಿಡುವುದಿಲ್ಲ. ಒಳನುಸುಳಿದ ಸೋಡಿಯಂ ಎಲೆಗೆ ಏರಿ, ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಕುಳಿತು ಕಿಣ್ವಗಳ ಕೆಲಸ ಕೆಡಿಸುತ್ತದೆ.

ಬೇರಿಗೆ ಸುದ್ದಿ ಮುಟ್ಟಲು ಕೆಲವೇ ಸೆಕೆಂಡು ಸಾಕು. ಜೀವಕೋಶದೊಳಗೆ ಕ್ಯಾಲ್ಸಿಯಂ ತಟ್ಟನೆ ಏರುತ್ತದೆ. ಅದೇ ಎಚ್ಚರಿಕೆಯ ಗಂಟೆ. ನಿಯಂತ್ರಕ ಪ್ರೋಟೀನುಗಳು ಡಿಎನ್‌ಎಗೆ ಅಂಟಿಕೊಂಡು ಕೆಲವು ಜೀನ್‌ಗಳನ್ನು ಎಬ್ಬಿಸುತ್ತವೆ, ಕೆಲವನ್ನು ಮಲಗಿಸುತ್ತವೆ. ಸೋಡಿಯಂ ಅನ್ನು ಹೊರದಬ್ಬುವ, ಕೋಶದ ರಸದಾನಿಯಲ್ಲಿ ಕೂಡಿಹಾಕುವ ಪ್ರೋಟೀನುಗಳು ಹೀಗೆ ಹೆಚ್ಚುತ್ತವೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಎಚ್‌ಕೆಟಿ ಎಂಬ ಜೀನ್‌ಗಳ ಬಳಗ. ಬಂಗಾಳದ ‘ನೋನಾ ಬೊಕ್ರಾ’ ಭತ್ತದಲ್ಲಿ, ಹೆಸರಲ್ಲೇ ಉಪ್ಪಿರುವ ತಳಿಯದು, ಈ ಬಳಗದ ಒಂದು ಜೀನ್ ಅನ್ನು ಚೀನಾದ ಸಂಶೋಧಕರು 2005ರಲ್ಲಿ ಗುರುತಿಸಿದರು. ಬೇರಿನಿಂದ ಮೇಲೇರುವ ನೀರ್ಗೊಳವೆಗಳ ಸುತ್ತಲಿನ ಕೋಶಗಳಲ್ಲಿ ಅದು ದುಡಿಯುತ್ತದೆ. ಎಲೆಯತ್ತ ಹೊರಟ ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಹಿಂದಕ್ಕೆಳೆಯುತ್ತದೆ.

ಹಾಗಿದ್ದರೆ ಅದನ್ನು ಗಿಡದ ಮೈತುಂಬ ಎಬ್ಬಿಸಿದರೆ ಇನ್ನೂ ಒಳ್ಳೆಯದಲ್ಲವೇ? ಸಾಸಿವೆ ಕುಟುಂಬದ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ, ಅದರದೇ ಎಚ್‌ಕೆಟಿ ಜೀನ್ ಹಿಡಿದು, ಅದನ್ನೇ ಮಾಡಿ ನೋಡಿದರು. ಗಿಡ ಉಪ್ಪಿಗೆ ಇನ್ನಷ್ಟು ಸೋತಿತು, ಎಲೆಗಳಲ್ಲಿ ಸೋಡಿಯಂ ಹೆಚ್ಚಿತು. ಬೇರಿನ ನಡುಭಾಗದಲ್ಲಿ ಮಾತ್ರ ಎಬ್ಬಿಸಿದಾಗ, 2009ರ ಆ ಪ್ರಯೋಗದಲ್ಲಿ, ಚಿಗುರಿಗೇರುವ ಸೋಡಿಯಂ ಶೇ 37ರಿಂದ 64ರಷ್ಟು ತಗ್ಗಿತು. ಜೀನ್ ಅದೇ, ಎದ್ದ ಜಾಗ ಮಾತ್ರ ಬೇರೆ. ಗಜನಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಎಷ್ಟು ಗಟ್ಟಿ ಎನ್ನುವುದರಷ್ಟೇ ಅದು ಕಟ್ಟೆಯ ಯಾವ ಕಡೆ ಇದೆ, ಭರತಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುತ್ತದೆಯೇ ಎನ್ನುವುದೂ ಅವರಿಗೆ ಮುಖ್ಯ.

ಗೋಧಿಗೂ ಇದರ ಫಲ ಮುಟ್ಟಿದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಹಳೆಯ ಗೋಧಿಯೊಂದರ ಎಚ್‌ಕೆಟಿ ಜೀನ್ ಅನ್ನು ಸಂಕರದ ಮೂಲಕ ಡ್ಯೂರಂ ಗೋಧಿಗೆ ತಂದರು. ಉಪ್ಪುನೆಲದಲ್ಲಿ ಇಳುವರಿ ಶೇ 25ರಷ್ಟು ಹೆಚ್ಚಿದ್ದನ್ನು 2012ರಲ್ಲಿ ಪ್ರಕಟಿಸಿದರು.

ಉಪ್ಪುಂಡ ಭತ್ತದ ಸಸಿಯನ್ನು ಬಾಗಿ ನೋಡಿ. ಬುಡದ ಹಳೆಯ ಎಲೆಯ ತುದಿ ಕಂದಿ ಸುರುಟಿಕೊಂಡಿರುತ್ತದೆ. ತಡೆಗಳನ್ನೆಲ್ಲ ದಾಟಿ ಬಂದ ಉಪ್ಪು ಹೆಚ್ಚಾಗಿ ಅಲ್ಲಿ ಸೇರಿದೆ. ಅದರ ನಡುವಿನಿಂದ ಸುಳಿಯೆಲೆ ಹಸಿರಾಗಿ ಬಿಚ್ಚಿಕೊಳ್ಳುತ್ತಿರುತ್ತದೆ.