‘ಪಾಪೆ ನಾರ್ಮಲ್’ ಅಂತ ಬರೆದರೆ ಸಾಲದು

ತಲೆಗೆ ಪೆಟ್ಟು ಬಿದ್ದ ರೋಗಿಯ ಕೇಸ್ ಶೀಟಿನಲ್ಲಿ ‘ಪಾಪೆ (ಕಣ್ಣಿನ ನಡುವಿನ ಕಪ್ಪು ಬಿಂದು) ನಾರ್ಮಲ್’ ಎಂದಷ್ಟೇ ಬರೆದಿದ್ದರೆ ನನಗೆ ಕಳವಳ ಶುರುವಾಗುತ್ತದೆ. ನೈಟ್ ಡ್ಯೂಟಿಗೆ ಬಂದು ಟಾರ್ಚ್ ಬಿಟ್ಟು ನೋಡುತ್ತೇನೆ. ಬಲಗಣ್ಣಿನ ಪಾಪೆ 4 ಮಿಲಿಮೀಟರ್, ಎಡಗಣ್ಣಿನದು 3. ಬೆಳಿಗ್ಗೆಯೂ ಹೀಗೇ ಇತ್ತಾ? ಈಗ ಆಗಿದ್ದಾ? ಆ ಶೀಟ್ ಏನೂ ಹೇಳುವುದಿಲ್ಲ.

ಸುಮಾರು ಐದು ಜನರಲ್ಲಿ ಒಬ್ಬರಿಗೆ ಎರಡು ಪಾಪೆಗಳ ಅಳತೆ ಸ್ವಲ್ಪ ಬೇರೆ ಇರುವುದು ಸಹಜ. ವ್ಯತ್ಯಾಸ ಹೆಚ್ಚಾಗಿ 1 ಮಿಲಿಮೀಟರ್ ಒಳಗೇ ಇರುತ್ತದೆ, ಎರಡೂ ಬೆಳಕಿಗೆ ಚುರುಕಾಗಿ ಕುಗ್ಗುತ್ತವೆ. ಆದರೆ ತಲೆಯೊಳಗೆ ರಕ್ತಸ್ರಾವವಾಗಿ ಮೆದುಳು ಪಕ್ಕಕ್ಕೆ ಒತ್ತಿದಾಗ, ಮೆದುಳಿನಿಂದ ಕಣ್ಣಿಗೆ ಹೋಗಿ ಪಾಪೆಯನ್ನು ಕುಗ್ಗಿಸುವ ನರ (ಮೂರನೇ ಕಪಾಲ ನರ) ಒತ್ತಡಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಆ ಕಡೆಯ ಪಾಪೆ ದೊಡ್ಡದಾಗುತ್ತಾ ಹೋಗಿ ಬೆಳಕಿಗೆ ಕುಗ್ಗುವುದನ್ನೇ ನಿಲ್ಲಿಸುತ್ತದೆ. ಹಳೆಯ ವ್ಯತ್ಯಾಸವೋ ಹೊಸದೋ ಎಂದು ಗೊತ್ತಾಗಬೇಕಾದರೆ ಮೊದಲು ನೋಡಿದವರು ಅಂಕಿ ಬರೆದಿರಬೇಕು.

ನೋಡುವ ರೀತಿಯಲ್ಲೂ ತಪ್ಪುಗಳಾಗುತ್ತವೆ. ಟಾರ್ಚನ್ನು ನೇರವಾಗಿ ಮುಂದೆ ತಂದರೆ ರೋಗಿ ಅದನ್ನೇ ದಿಟ್ಟಿಸುತ್ತಾರೆ. ಹತ್ತಿರದ ವಸ್ತು ನೋಡಿದರೆ ಪಾಪೆ ತಾನಾಗಿಯೇ ಕುಗ್ಗುತ್ತದೆ, ಅಲ್ವಾ? ಹಾಗಾಗಿ ದೀಪ ಸ್ವಲ್ಪ ಕಡಿಮೆ ಮಾಡಿ, ದೂರದ ಗೋಡೆ ನೋಡಲು ಹೇಳಿ, ಬೆಳಕನ್ನು ಪಕ್ಕದಿಂದ ತನ್ನಿ. ಮೊದಲ ಸಲ ಬೆಳಕು ಬಿದ್ದ ಕಣ್ಣನ್ನೇ ನೋಡಿ. ಎರಡನೇ ಸಲ ಬೆಳಕು ಅದೇ ಕಣ್ಣಿಗೆ ಬಿಡಿ, ಆದರೆ ಇನ್ನೊಂದು ಕಣ್ಣನ್ನು ನೋಡಿ. ಅದೂ ಜೊತೆಗೇ ಕುಗ್ಗಬೇಕು.

ಟಾರ್ಚ್ ತೆಗೆಯುವ ಮೊದಲು ಕೇಳುವುದನ್ನು ಮರೆಯಬೇಡಿ. ಕಣ್ಣಿನ ಆಪರೇಷನ್ ಆಗಿದೆಯೇ, ಡ್ರಾಪ್ಸ್ ಹಾಕುತ್ತಿದ್ದೀರಾ, ಕೃತಕ ಕಣ್ಣಿದೆಯೇ? ಒಮ್ಮೆ ಉಬ್ಬಸದ ರೋಗಿಯೊಬ್ಬರ ಒಂದು ಪಾಪೆ ದೊಡ್ಡದಾಗಿ, ಬೆಳಕಿಗೆ ಜಗ್ಗದೆ ಕೂತಿತ್ತು. ಅವರು ಮಾತ್ರ ಎಚ್ಚರವಾಗಿ ಮಾತಾಡುತ್ತಿದ್ದರು. ತಕ್ಷಣ ಡಾಕ್ಟರಿಗೆ ತಿಳಿಸಿದೆ. ಆಮೇಲೆ ಗೊತ್ತಾಯಿತು, ನೆಬ್ಯುಲೈಸರ್ ಮಾಸ್ಕ್ ಆ ಕಡೆ ಸಡಿಲವಿತ್ತು. ಇಪ್ರಾಟ್ರೋಪಿಯಂ ಔಷಧಿಯ ಹಬೆ ನೇರ ಕಣ್ಣಿಗೆ ತಾಗಿ ಪಾಪೆ ಹಿಗ್ಗಿತ್ತು. ಕಾರಣ ನಾವೇ ಊಹಿಸಿ ಸುಮ್ನೆ ಕೂರುವಂತಿಲ್ಲ. ಮೊದಲು ತಿಳಿಸಬೇಕು, ಕಾರಣ ಹುಡುಕುವುದು ಆಮೇಲೆ.

ಕಣ್ಣಿನ ಬಿಳಿ ಭಾಗದ ಹಳದಿ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಕಾಮಾಲೆ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ.

ತಲೆಯನ್ನು ಕಣ್ಣಿನಿಂದಷ್ಟೇ ನೋಡಿದರೆ ಸಾಲದು, ಕೂದಲೊಳಗೆ ಬೆರಳಾಡಿಸಿ. ಕಿವಿಯ ಹಿಂದೆ ಕಪ್ಪುಗಟ್ಟಿದ್ದರೆ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಇಳಿಯುತ್ತಿದ್ದರೆ ತಲೆಬುರುಡೆಯ ತಳ ಬಿರುಕು ಬಿಟ್ಟಿರಬಹುದು. ಅಂಥವರ ಮೂಗಿನಲ್ಲಿ ಟ್ಯೂಬ್ ಹಾಕಲು ಹೋಗಬೇಡಿ. ಮಗುವಿನ ನೆತ್ತಿಯನ್ನು ಅದು ಅಳು ನಿಲ್ಲಿಸಿದ ಮೇಲೆ, ಕೂರಿಸಿಕೊಂಡು ಮುಟ್ಟಿ. ಅಳುವಾಗ ನೆತ್ತಿ ಉಬ್ಬುವುದು ಸಹಜ.

ಕುತ್ತಿಗೆಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಬಿದ್ದು ಬಂದವರ ಕುತ್ತಿಗೆಯನ್ನು, ಮೂಳೆಗೆ ಏಟಾಗಿಲ್ಲವೆಂದು ಖಚಿತವಾಗುವ ತನಕ ಬಗ್ಗಿಸಬೇಡಿ, ತಿರುಗಿಸಬೇಡಿ. ಕ್ಯಾರೋಟಿಡ್ ನಾಡಿಯನ್ನು (ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ರಕ್ತನಾಳದ ಬಡಿತ) ಒಂದು ಸಲಕ್ಕೆ ಒಂದೇ ಕಡೆ, ಕುತ್ತಿಗೆಯ ಕೆಳ ಅರ್ಧದಲ್ಲಿ, ಹಗುರವಾಗಿ ಮುಟ್ಟಿ. ಎರಡೂ ಕಡೆ ಒತ್ತಿದರೆ ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. ಮೇಲ್ಭಾಗದಲ್ಲಿ ಒತ್ತಿದರೆ ಎದೆಬಡಿತ ನಿಧಾನವಾಗಿ ರೋಗಿ ತಲೆಸುತ್ತಿ ಬೀಳಬಹುದು. ಗಂಟುಗಳನ್ನು ಬೆರಳ ತುದಿಯಿಂದ ನಿಧಾನವಾಗಿ ಉರುಳಿಸಿ ನೋಡಿ. ನೋಯುವ, ಜಾರುವ ಗಂಟು ಹೆಚ್ಚಾಗಿ ಸೋಂಕಿನದು. ನೋವಿಲ್ಲದ, ಗಟ್ಟಿಯಾದ, ಅಲ್ಲಾಡದ ಗಂಟು ಸಿಕ್ಕರೆ ಅಂದೇ ಡಾಕ್ಟರಿಗೆ ಹೇಳಿ. ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿ ನೋಡಲು ಒಂದು ಗುಟುಕು ನೀರು ಕುಡಿಸಿ. ನುಂಗುವಾಗ ಅದು ಮೇಲೆ ಸರಿಯುತ್ತದೆ. ಆದರೆ ನುಂಗಲು ತೊಂದರೆ ಇರುವವರಿಗೆ ನೀರು ಕೊಡಬೇಡಿ.

ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ಹ್ಯಾಂಡೋವರ್ (ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ) ಹೊತ್ತಿನಲ್ಲಿ ನಾನು ಮಾಡಿಸುವ ಕೆಲಸ ಇದು. ಹೋಗುವವರು, ಬಂದವರು ಇಬ್ಬರೂ ಮಂಚದ ಪಕ್ಕ ನಿಂತು, ಒಂದೇ ಟಾರ್ಚಿನಲ್ಲಿ ಪಾಪೆ ನೋಡುತ್ತಾರೆ. ಶೀಟಿನಲ್ಲಿ ಹೀಗೆ ಬೀಳುತ್ತದೆ: ಬಲ 4, ಎಡ 3, ಎರಡೂ ಚುರುಕು, ಹೊತ್ತು ರಾತ್ರಿ 8.