ಜೂನಿಯರ್‌ನಲ್ಲಿ ಮೇಲಿರುವ ಹುಡುಗಿ ಡಬ್ಲ್ಯುಟಿಎ ಪಟ್ಟಿಯಲ್ಲಿ ಯಾಕೆ ಅಷ್ಟು ಕೆಳಗೆ?

ಪ್ರಶ್ನೆ: ಕೊಯಮತ್ತೂರಿನ ಟೆನಿಸ್ ಆಟಗಾರ್ತಿ ಮಾಯಾ ರಾಜೇಶ್ವರನ್ ಜೂನಿಯರ್‌ನಲ್ಲಿ ಅಷ್ಟು ಹೆಸರು ಮಾಡಿದರೂ ಪ್ರೊಫೆಷನಲ್ ಆಟಗಾರ್ತಿಯರ ಮಹಿಳಾ ಟೆನಿಸ್ ಸಂಘದ (ಡಬ್ಲ್ಯುಟಿಎ) ಪಟ್ಟಿಯಲ್ಲಿ ನೂರಾರು ಸ್ಥಾನ ಹಿಂದೆ ಇದ್ದದ್ದು ಯಾಕೆ? 18 ತುಂಬಿದ ಮೇಲೆ ಜೂನಿಯರ್ ಪಾಯಿಂಟುಗಳು ಆ ಕಡೆಗೆ ಸೇರುತ್ತವೆ ಎನ್ನುತ್ತಾರಲ್ಲ? ನನ್ನ ಮಗಳು ಒಂಬತ್ತನೇ ತರಗತಿ, ಚೆನ್ನಾಗಿ ಆಡುತ್ತಾಳೆ. ಈಗಿನಿಂದಲೇ ಪಾಯಿಂಟು ಕೂಡಿಡುವುದು ಒಳ್ಳೆಯದಲ್ಲವೇ? (ಕದ್ರಿಯ ಓದುಗರೊಬ್ಬರು)

ಉತ್ತರ: ಸೇರುವುದಿಲ್ಲ. ಒಂದು ಪಾಯಿಂಟು ಕೂಡ ಸೇರುವುದಿಲ್ಲ.

ಇದೇ ಪ್ರಶ್ನೆ ಪ್ರತಿ ಗ್ರ್ಯಾಂಡ್‌ಸ್ಲಾಮ್ ಮುಗಿದ ವಾರ ಉಡುಪಿಯಿಂದ, ಮಣಿಪಾಲದಿಂದ, ಸುರತ್ಕಲ್‌ನಿಂದ ಬರುತ್ತದೆ. ಎರಡು ಸಾಲಿನ ಉತ್ತರ ಕೊಟ್ಟರೆ ಯಾರಿಗೂ ನಂಬಿಕೆ ಬರುವುದಿಲ್ಲ, ಮುಂದಿನ ಸಲ ಅದೇ ಮಾತು ಮತ್ತೆ. ಹಾಗಾಗಿ ಈ ಸಲ ಬುಡದಿಂದಲೇ ನೋಡೋಣ.

ಪಟ್ಟಿಗಳು ಎರಡು, ನಡೆಸುವವರೂ ಬೇರೆ ಬೇರೆ. ಜೂನಿಯರ್ ಪಟ್ಟಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ್ದು, ಅಂದರೆ ಐಟಿಎಫ್‌ನದ್ದು. 13ರಿಂದ 18ರವರೆಗಿನವರು ಆಡುವ ಜೆ30, ಜೆ60, ಜೆ100, ಜೆ200, ಜೆ300, ಜೆ500 ಟೂರ್ನಿಗಳು ಅದರೊಳಗೆ ಬರುತ್ತವೆ. ಹೆಸರಿನಲ್ಲಿರುವ ಸಂಖ್ಯೆಯೇ ಗೆದ್ದವರಿಗೆ ಸಿಗುವ ಪಾಯಿಂಟು. ಜೂನಿಯರ್ ಗ್ರ್ಯಾಂಡ್‌ಸ್ಲಾಮ್ ಗೆದ್ದರೆ 1000. ಆದರೆ ಆ ಸಾವಿರವನ್ನು ಡಬ್ಲ್ಯುಟಿಎ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಪಟ್ಟಿಗೆ ಬೇಕಾದದ್ದು ಕಳೆದ 52 ವಾರಗಳಲ್ಲಿ ಪ್ರೊಫೆಷನಲ್ ಟೂರ್ನಿಗಳಲ್ಲಿ ಗಳಿಸಿದ್ದು ಮಾತ್ರ. ಸಿಂಗಲ್ಸ್‌ನಲ್ಲಿ ಅತ್ಯುತ್ತಮ 18 ಟೂರ್ನಿಗಳ ಮೊತ್ತ.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಹುಟ್ಟಿತು ಎಂಬುದು ಅರ್ಥವಾಗುವಂಥದ್ದೇ. ನಮ್ಮಲ್ಲಿ 12, 14, 16, 18 ವರ್ಷದೊಳಗಿನವರು ಎಂದು ವಿಭಾಗಗಳಿವೆ. ಮಕ್ಕಳು ಒಂದರಿಂದ ಇನ್ನೊಂದಕ್ಕೆ ಏರುವುದನ್ನು ನೋಡಿದ ಅಪ್ಪ ಅಮ್ಮಂದಿರಿಗೆ ಪ್ರೊಫೆಷನಲ್ ಎಂದರೆ ಐದನೇ ಮೆಟ್ಟಿಲು ಅನ್ನಿಸುತ್ತದೆ. ಎಸ್ಸೆಸ್ಸೆಲ್ಸಿ ಉದಾಹರಣೆ ಕೊಟ್ಟರೆ ನಮ್ಮ ಜಿಲ್ಲೆಗಳವರಿಗೆ ಬೇಗ ಹೊಳೆದೀತು. 625ಕ್ಕೆ 620 ತೆಗೆದವಳಿಗೆ ಕೇಳಿದ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಪಿಯುಸಿ ಅಂಕಪಟ್ಟಿಯಲ್ಲಿ ಆ 620 ಎಲ್ಲೂ ಕಾಣುವುದಿಲ್ಲ, ಅಲ್ಲಿ ಸೊನ್ನೆಯಿಂದಲೇ ಬರೆಯಬೇಕು.

ಜೂನಿಯರ್ ರ್‍ಯಾಂಕಿಂಗ್ ಕೊಡುವುದೂ ಸೀಟು ಮಾತ್ರ. ವರ್ಷಾಂತ್ಯದ ಜೂನಿಯರ್ ಪಟ್ಟಿಯ ಮೊದಲ 20ರಲ್ಲಿದ್ದ ಹುಡುಗಿಯರಿಗೆ ಮರುವರ್ಷ ಐಟಿಎಫ್‌ನ ಡಬ್ಲ್ಯುಟಿಎ ಪಾಯಿಂಟು ಸಿಗುವ ದೊಡ್ಡ ಮಹಿಳಾ ಟೂರ್ನಿಗಳಲ್ಲಿ ಕೆಲವು ಮೀಸಲು ಜಾಗಗಳಿವೆ. ಅವರಿಗಿಂತ ಕೆಳಗಿರುವವರಿಗೆ 15 ಸಾವಿರ ಡಾಲರ್ ಬಹುಮಾನದ ಡಬ್ಲ್ಯು15 ಟೂರ್ನಿಗಳಲ್ಲಿ ಮೀಸಲು ಉಂಟು. ಇದು ಸಣ್ಣ ಲಾಭವಲ್ಲ. ಡಬ್ಲ್ಯುಟಿಎ ರ್‍ಯಾಂಕ್ ಇಲ್ಲದವಳು ಅರ್ಹತಾ ಸುತ್ತಿನಲ್ಲೇ ಬೆವರು ಸುರಿಸಿ ಎರಡು ಮೂರು ಪಂದ್ಯ ಗೆದ್ದ ಮೇಲೆ ತಲುಪುವ ಜಾಗಕ್ಕೆ ಇವಳು ನೇರ ಹೋಗುತ್ತಾಳೆ. ಅಲ್ಲಿ ಮೊದಲ ಪಂದ್ಯ ಸೋತರೆ ಮಾತ್ರ ಕೈಗೆ ಬರುವ ಪಾಯಿಂಟು ಇಲ್ಲವೆನ್ನುವಷ್ಟು ಕಡಿಮೆ.

ಇನ್ನೂ ಅನುಮಾನ ಇರುವವರು 2023ರ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಬಾಲಕಿಯರ ಫೈನಲ್ ತೆಗೆದು ನೋಡಿ. ರಷ್ಯಾದ ಇಬ್ಬರು 15 ವರ್ಷದ ಹುಡುಗಿಯರು, ಮೂರು ಸೆಟ್‌ಗಳ ಜಿದ್ದಾಜಿದ್ದಿ. ಗೆದ್ದವರು ಅಲೀನಾ ಕೊರ್ನೀವಾ, ಸೋತವರು ಮಿರಾ ಆಂಡ್ರೀವಾ. ಕೊರ್ನೀವಾ ಅದೇ ವರ್ಷ ಫ್ರೆಂಚ್ ಓಪನ್ ಜೂನಿಯರ್ ಪ್ರಶಸ್ತಿಯನ್ನೂ ಗೆದ್ದರು. ಜೂನಿಯರ್ ಪಾಯಿಂಟು ಆಚೆಗೆ ಸೇರುವಂತಿದ್ದರೆ ಮುಂದೆ ಇರಬೇಕಾದವರು ಅವರು. ಆದರೆ ಡಬ್ಲ್ಯುಟಿಎ ಪಟ್ಟಿಯ ಮೊದಲ ಹತ್ತರೊಳಗೆ ಬಂದವರು ಆಂಡ್ರೀವಾ. ಸೋತ ಕೆಲವೇ ತಿಂಗಳಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ಆಗಿನ 60 ಸಾವಿರ ಡಾಲರ್ ದರ್ಜೆಯ ಎರಡು ಮಹಿಳಾ ಟೂರ್ನಿಗಳನ್ನು ಬೆನ್ನುಬೆನ್ನಿಗೆ ಗೆದ್ದರು. ಆಮೇಲೆ ಮ್ಯಾಡ್ರಿಡ್‌ನಲ್ಲಿ ವೈಲ್ಡ್ ಕಾರ್ಡ್ (ಸಂಘಟಕರು ಕೊಡುವ ವಿಶೇಷ ಪ್ರವೇಶ) ಪಡೆದು ನಾಲ್ಕನೇ ಸುತ್ತು ತಲುಪಿದರು. 2025ರಲ್ಲಿ, ಇನ್ನೂ 17 ಇರುವಾಗಲೇ, ದುಬೈ ಮತ್ತು ಇಂಡಿಯನ್ ವೆಲ್ಸ್ ಟೂರ್ನಿಗಳ ಪ್ರಶಸ್ತಿಗಳು ಅವರ ಕೈಗೆ ಬಂದವು. ಹೀಗೆ ಏರಿಸಿದ್ದು ದೊಡ್ಡವರ ಟೂರ್ನಿಗಳಲ್ಲಿ ಗೆದ್ದ ಪಂದ್ಯಗಳು.

ಫಿಲಿಪ್ಪೀನ್ಸ್‌ನ ಅಲೆಕ್ಸಾಂಡ್ರಾ ಈಯಾಲಾ 2022ರಲ್ಲಿ ಅಮೆರಿಕನ್ ಓಪನ್ ಜೂನಿಯರ್ ಚಾಂಪಿಯನ್. ಡಬ್ಲ್ಯುಟಿಎ ಪಟ್ಟಿಯ ನೂರರೊಳಗೆ ಬರಲು ಅವರಿಗೆ 2025ರ ಮಾರ್ಚ್ ಆಗಬೇಕಾಯಿತು. 140ನೇ ಸ್ಥಾನದಲ್ಲಿದ್ದುಕೊಂಡು ವೈಲ್ಡ್ ಕಾರ್ಡ್ ಮೂಲಕ ಮಯಾಮಿಗೆ ಹೋಗಿ ಒಸ್ಟಾಪೆಂಕೊ, ಕೀಸ್, ಶ್ವಿಯಾಂಟೆಕ್ ಎಂಬ ಮೂವರು ಗ್ರ್ಯಾಂಡ್‌ಸ್ಲಾಮ್ ವಿಜೇತೆಯರನ್ನೂ ಸೋಲಿಸಿ ಸೆಮಿಫೈನಲ್ ಆಡಿದ ಮೇಲೆ. ನಡುವಿನ ಎರಡೂವರೆ ವರ್ಷ ಅವರು ಸುಮ್ಮನೆ ಕೂತಿರಲಿಲ್ಲ, ಸಣ್ಣ ಊರುಗಳ ಐಟಿಎಫ್ ಮಹಿಳಾ ಟೂರ್ನಿಗಳನ್ನು ಆಡುತ್ತಿದ್ದರು.

ಈಗ ಮಾಯಾ ವಿಷಯ. 2025ರ ಫೆಬ್ರವರಿಯಲ್ಲಿ, 15ನೇ ವಯಸ್ಸಿನಲ್ಲಿ, ಮುಂಬೈ ಓಪನ್‌ನ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ತಲುಪಿದರು. ಅಲ್ಲಿ ಸೋತದ್ದು ಸ್ವಿಟ್ಜರ್ಲೆಂಡಿನ ಜಿಲ್ ಟೈಖ್‌ಮನ್‌ಗೆ. ಅದು ಡಬ್ಲ್ಯುಟಿಎ 125 ದರ್ಜೆಯ ಟೂರ್ನಿ, ಸೆಮಿಫೈನಲ್‌ಗೆ 49 ಪಾಯಿಂಟು. ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟು ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟಾದರೂ ಇರಬೇಕು. ಹಾಗಾಗಿ ಆ ಒಂದೇ ವಾರ ಅವರಿಗೆ ಪಟ್ಟಿಯಲ್ಲಿ ಜಾಗ ಮಾಡಿಕೊಟ್ಟಿತು.

ಆ 49 ಎಷ್ಟು ದೊಡ್ಡದು ಎಂಬುದಕ್ಕೆ ಡಬ್ಲ್ಯು15 ಲೆಕ್ಕ ನೋಡಿ. ಗೆದ್ದವಳಿಗೆ 15, ಫೈನಲ್‌ಗೆ 10, ಸೆಮಿಗೆ 6, ಕ್ವಾರ್ಟರ್‌ಗೆ 3, ಒಂದು ಪಂದ್ಯ ಗೆದ್ದು ಎರಡನೇ ಸುತ್ತಿನಲ್ಲಿ ಸೋತರೆ 1. ಮೂರು ಡಬ್ಲ್ಯು15 ಪ್ರಶಸ್ತಿ, ಅಂದರೆ ಮುಖ್ಯ ಸುತ್ತಿನಲ್ಲಿ 15 ಪಂದ್ಯ ಸತತವಾಗಿ ಗೆದ್ದರೂ 45 ಮಾತ್ರ. ಡಬ್ಲ್ಯು35 ಗೆದ್ದರೆ 35, ಡಬ್ಲ್ಯು50 ಗೆದ್ದರೆ 50. ಆದ್ದರಿಂದ "ಪಾಯಿಂಟು ಕೂಡಿಡುವುದು" ಎಂಬ ಮಾತನ್ನೇ ಬಿಡಿ. 52 ವಾರ ಕಳೆದ ಕೂಡಲೇ ಪ್ರತಿ ಪಾಯಿಂಟೂ ಉದುರುತ್ತದೆ. ಒಂದು ಪಂದ್ಯವನ್ನೂ ಸೋಲದೆ ಹುಡುಗಿಯ ರ್‍ಯಾಂಕ್ ನೂರು ಸ್ಥಾನ ಕುಸಿಯುವುದು ಹೀಗೆ. ಹೋದ ವರ್ಷ ಇದೇ ವಾರ ಗಳಿಸಿದ್ದು ಹೋಯಿತು, ಬದಲಿಗೆ ಬಂದದ್ದು ಏನೂ ಇಲ್ಲ. "ಅವಳ ಆಟ ಬಿದ್ದಿದೆ" ಎಂದು ತೀರ್ಪು ಕೊಡುವ ಮೊದಲು ಹೋದ ವರ್ಷದ ಆ ವಾರ ಏನಾಗಿತ್ತು ಎಂದು ದಯವಿಟ್ಟು ನೋಡಿ.

ಈ ದರ್ಜೆಗಳ ಏಣಿಯನ್ನು ಸರಿಯಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವಿಕ್ಟೋರಿಯಾ ಎಂಬೊಕೊ ಇದ್ದಾರೆ. 2025ರ ಆರಂಭದಲ್ಲಿ ಅವರು 300ರ ಆಚೆ ಇದ್ದರು. ಡಬ್ಲ್ಯು35 ಟೂರ್ನಿಗಳಿಂದ ಶುರುಮಾಡಿ ಸತತ 22 ಪಂದ್ಯ ಗೆದ್ದರು, ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ 1000 ದರ್ಜೆಯ ಪ್ರಶಸ್ತಿಯನ್ನೇ ಎತ್ತಿದರು. ಅಷ್ಟು ವೇಗ ಅಪರೂಪ, ಅದನ್ನು ಯಾರ ಮಗಳಿಗೂ ಗುರಿಯಾಗಿ ಇಡಬೇಡಿ. ಗಮನಿಸಬೇಕಾದದ್ದು ಅವರು ಒಂದೇ ದರ್ಜೆಯಲ್ಲಿ ಉಳಿಯದೆ, ಗೆಲ್ಲುತ್ತಿದ್ದ ಹಾಗೆ ಮೇಲಿನ ದರ್ಜೆಗೆ ಹೋದದ್ದನ್ನು.

ಒಂಬತ್ತನೇ ತರಗತಿಯ ಮಗಳಿಗೆ ಬರೋಣ. 14 ತುಂಬುವ ಮೊದಲು ಪ್ರೊಫೆಷನಲ್ ಟೂರ್ನಿ ಆಡಲು ಬಿಡುವುದೇ ಇಲ್ಲ. ಆಮೇಲೂ ಮಿತಿ ಇದೆ. 14ರಲ್ಲಿ 8 ಟೂರ್ನಿ, 15ರಲ್ಲಿ 10, 16ರಲ್ಲಿ 12, 17ರಲ್ಲಿ 16, ಇದು ಮೂಲ ಲೆಕ್ಕ. ರ್‍ಯಾಂಕ್ ಚೆನ್ನಾಗಿದ್ದರೆ ಕೆಲವು ಹೆಚ್ಚು ಸಿಗುತ್ತವೆ. ಎಣಿಕೆ ಜನವರಿಯಿಂದ ಅಲ್ಲ, ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ. ಜೂನಿಯರ್ ಟೂರ್ನಿಗಳು ಇದರಲ್ಲಿ ಸೇರುವುದಿಲ್ಲ. 13ರಲ್ಲೇ ಪ್ರೊ ಆದ ಜೆನಿಫರ್ ಕ್ಯಾಪ್ರಿಯಾಟಿ ಹದಿಹರೆಯದಲ್ಲೇ ಬಳಲಿ ಆಟದಿಂದ ದೂರವಾದದ್ದನ್ನು ಕಂಡ ಮೇಲೆ 1990ರ ದಶಕದ ನಡುವೆ ತಂದ ನಿಯಮ ಇದು. ಒಳ್ಳೆಯ ನಿಯಮ. ಇದರಿಂದ ನಮ್ಮವರಿಗೆ ಒಂದು ಅನುಕೂಲವೂ ಉಂಟು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ವರ್ಷಗಳಲ್ಲಿ ಹೇಗೂ 10ರಿಂದ 16 ವಾರಕ್ಕಿಂತ ಹೆಚ್ಚು ಆಡಲು ಆಗುವುದಿಲ್ಲ. ಪರೀಕ್ಷೆಯ ಮಾರ್ಚ್ ತಿಂಗಳನ್ನು ಖಾಲಿ ಬಿಟ್ಟು, ಕೋರ್ಟು ಪಾಚಿಗಟ್ಟುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊರಗಿನ ಟೂರ್ನಿಗಳನ್ನು ಹಾಕಿಕೊಳ್ಳಿ. ಪಿಯುಸಿಯ ಶೇ. 75 ಹಾಜರಾತಿಯ ವಿಷಯವನ್ನು ಪ್ರಾಂಶುಪಾಲರ ಹತ್ತಿರ ಜೂನ್‌ನಲ್ಲೇ ಮಾತಾಡಿ, ಫೆಬ್ರವರಿಯಲ್ಲಿ ಅಲ್ಲ.

ಪ್ರವೇಶದ ಗಡುವು ತಪ್ಪಿಸಿಕೊಳ್ಳುವವರು ತುಂಬ. ಐಟಿಎಫ್ ಮಹಿಳಾ ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮೊದಲು ಬರುವ ಗುರುವಾರ ಕೊನೆ. ಸಮಯ ಗ್ರೀನ್‌ವಿಚ್ ಲೆಕ್ಕದ 14:00, ನಮ್ಮ ಗಡಿಯಾರದಲ್ಲಿ ಸಂಜೆ 7:30. 20ನೇ ತಾರೀಕು ಸೋಮವಾರದ ಟೂರ್ನಿಗೆ 2ನೇ ತಾರೀಕು ಗುರುವಾರವೇ ಹೆಸರು ಹೋಗಿರಬೇಕು. ದಂಡವಿಲ್ಲದೆ ಹಿಂದೆ ಸರಿಯಲು 7ನೇ ತಾರೀಕು ಮಂಗಳವಾರದವರೆಗೆ ಅವಕಾಶ. ಇದಕ್ಕೆಲ್ಲ ಐಪಿಐಎನ್ ಎಂಬ ಐಟಿಎಫ್ ನೋಂದಣಿ ಸಂಖ್ಯೆ ಬೇಕು, ಭಾರತೀಯ ಟೆನಿಸ್ ಸಂಸ್ಥೆಯ ಸಂಖ್ಯೆ ಇದ್ದರೆ ಸಾಲದು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯ. ಕರಾವಳಿಯ ಹುಡುಗಿಯರು ಬೆಂಗಳೂರಿನಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದಾಗ "ಹೆದರಿದಳು" ಎನ್ನುತ್ತಾರೆ. ಎಷ್ಟೋ ಸಲ ಕಾರಣ ಹೆದರಿಕೆ ಅಲ್ಲ, ಎತ್ತರ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು 900 ಮೀಟರ್‌ಗಿಂತ ಮೇಲೆ. ಅಲ್ಲಿ ಗಾಳಿ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳು, ಚೆಂಡಿಗೆ ತಡೆ ಕಡಿಮೆ. ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಪುಟಿತವೂ ಸ್ವಲ್ಪ ಹೆಚ್ಚು. ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಇದೆ, ಆದರೆ ಅದು 1,219 ಮೀಟರ್ ದಾಟಿದ ಜಾಗಗಳಿಗೆ. ಬೆಂಗಳೂರಿನಲ್ಲಿ ಮಾಮೂಲಿ ಚೆಂಡೇ. ಇಲ್ಲಿ ಬೇಸ್‌ಲೈನ್ ಒಳಗೆ ಬೀಳುವ ಅದೇ ಫೋರ್‌ಹ್ಯಾಂಡ್ ಅಲ್ಲಿ ಒಂದು ಗೇಣು ಹೊರಗೆ ಬೀಳುತ್ತದೆ. ಎರಡು ಸಲ ಹೊರಗೆ ಹೋದ ಕೂಡಲೇ ಹುಡುಗಿ ಕೈ ಹಿಡಿದು ಆಡತೊಡಗುತ್ತಾಳೆ, ಪಂದ್ಯ ಅಲ್ಲಿಗೆ ಮುಗಿಯಿತು.

ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿಯಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮಧ್ಯಾಹ್ನ ಆಡಿಸುವುದನ್ನು ಮೊದಲು ನಿಲ್ಲಿಸಿ. ಎರಡು ದಿನ ಮುಂಚೆ ಹೋಗಿ. ಅಭ್ಯಾಸಕ್ಕೆ ಅಲ್ಲಿ ಆಡಿಸುವ ಬ್ರ್ಯಾಂಡಿನದ್ದೇ ಹೊಸ ಡಬ್ಬ ಒಡೆಯಿರಿ. ಊರಿನಿಂದ ಒಯ್ದ ಹಳೆಯ ಚೆಂಡು ಒತ್ತಡ ಕಳೆದುಕೊಂಡಿರುವುದರಿಂದ ಎಲ್ಲವೂ ಸರಿ ಇದೆ ಎಂದೇ ತೋರುತ್ತದೆ. ಚೆಂಡು ಹೊರಗೆ ಹಾರದಂತೆ ಗಟ್ಟಿಂಗ್, ಅಂದರೆ ರ‍್ಯಾಕೆಟ್ಟಿನ ತಂತಿ, ಮಾಮೂಲಿಗಿಂತ 2 ಪೌಂಡ್ ಬಿಗಿ ಮಾಡಿಸಿ. 50ಕ್ಕೆ ಆಡುವವಳಾದರೆ ಒಂದು ರ್‍ಯಾಕೆಟ್ 52ಕ್ಕೆ, ಇನ್ನೊಂದು 53ಕ್ಕೆ, ಮೂರನೆಯದು ಮಾಮೂಲಿ 50ಕ್ಕೇ ಇರಲಿ. ಯಾವುದಕ್ಕೆ ಎಷ್ಟು ಎಂದು ಹಿಡಿಯ ಮೇಲೆ ಟೇಪು ಅಂಟಿಸಿ ಬರೆಯಿರಿ. ಊರಿಗೆ ಮರಳಿದ ಮೇಲೆ ಬಿಗಿ ಮಾಡಿಸಿದ ಎರಡನ್ನೂ ಕತ್ತರಿಸಿ 50ಕ್ಕೆ ಹಾಕಿಸಿ. ನಮ್ಮ ಸೆಖೆಯ ಗಾಳಿಯಲ್ಲಿ ತೇವ ಕುಡಿದು ಭಾರವಾದ ಚೆಂಡನ್ನು ಆ ಬಿಗಿ ಪಾಲಿಯೆಸ್ಟರ್ ತಂತಿಯಲ್ಲಿ ತಿಂಗಳುಗಟ್ಟಲೆ ಹೊಡೆದರೆ ಮೊದಲು ನೋಯುವುದು ಮೊಣಕೈ, ಆಮೇಲೆ ಭುಜ.